ಚಂದಾ ಪಟ್ಟಿ ಬೇಡ, ಒಂದು ಕಟ್ಟು ಸಾಕು

(ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯೊಬ್ಬಳ ಅಭಿಪ್ರಾಯ)

ಹೋದ ವರ್ಷ ನಾವು ಪ್ರಥಮ ಪಿಯುಸಿಯಲ್ಲಿದ್ದಾಗ ಬೀಳ್ಕೊಡುಗೆ ಸಮಾರಂಭಕ್ಕೆ ಹಣ ಎತ್ತುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಲಾಂಗ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎಲ್ಲರ ಹೆಸರು ಬರೆದು, ಎದುರಿಗೆ 150 ಎಂದು ಹಾಕಿ, ಕೊಟ್ಟವರ ಹೆಸರಿಗೆ ಕೆಂಪು ಪೆನ್ನಿನಲ್ಲಿ ಗುರುತು ಮಾಡುತ್ತಾ ಹೋದೆ. ಸೀನಿಯರ್‌ಗಳಿಗೆ ಒಂದೊಂದು ಸಣ್ಣ ಕಾಣಿಕೆ, ಉಪನ್ಯಾಸಕರಿಗೆ ಒಂದೊಂದು ದೊಡ್ಡ ಕಾಣಿಕೆ, ಕೇಕು, ಸಮೋಸ, ಜ್ಯೂಸು ಎಲ್ಲ ಸೇರಿ ತಲೆಗೆ ಅಷ್ಟು ಬಿದ್ದಿತ್ತು. ಒಂದು ವಾರದಲ್ಲಿ ಒಂದು ಹೆಸರು ಬಿಟ್ಟು ಮಿಕ್ಕೆಲ್ಲಕ್ಕೂ ಗುರುತು ಬಿತ್ತು. ಆ ಹುಡುಗಿಯನ್ನು ನಾನು ದಿನಾ ಕೇಳಿದೆ. "ನಾಳಿಕೆ ತತ್ತೀನಿ ಕಣೆ" ಅನ್ನುತ್ತಿದ್ದಳು. ನಾಲ್ಕನೆಯ ದಿನ ಇಡೀ ತರಗತಿಯ ಎದುರಿಗೇ ಕೇಳಿದೆ. ಆಗ ಅವಳು ಏನೂ ಅನ್ನಲಿಲ್ಲ.

ಸಮಾರಂಭದ ದಿನ ಅವಳು ಬರಲಿಲ್ಲ. ಮಾರನೆಯ ದಿನ ಕೇಳಿದರೆ ಜ್ವರ ಅಂದಳು. ನಾನೂ ಜ್ವರವನ್ನು ನಂಬಿದವಳ ಹಾಗೆ "ಮಾತ್ರೆ ತಗೊಂಡ್ಯಾ" ಎಂದು ಕೇಳಿದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

150 ರೂಪಾಯಿ ಒಂದು ದೊಡ್ಡ ಮೊತ್ತವೇ ಎಂದು ಕೆಲವರು ಕೇಳಬಹುದು. ಹೋದ ವರ್ಷ ನಾನೂ ಹಾಗೇ ಕೇಳಿದ್ದೆ. ಆದರೆ ನಮ್ಮಲ್ಲಿ ಮಳವಳ್ಳಿ ಕಡೆಯಿಂದ, ಕೆ.ಎಂ. ದೊಡ್ಡಿ ಕಡೆಯಿಂದ ಎರಡು ಬಸ್ ಹಿಡಿದು ಬರುವವರಿದ್ದಾರೆ. ಅಕ್ಕ ದ್ವಿತೀಯ ಪಿಯು, ತಂಗಿ ಪ್ರಥಮ ಪಿಯು ಓದುತ್ತಿರುವ ಮನೆಗಳಿವೆ. ಅಲ್ಲಿ ಅದು 300 ಆಗುತ್ತದೆ. ಶಿಕ್ಷಕರ ದಿನಾಚರಣೆಗೆ ಒಂದು ಪಟ್ಟಿ, ವಾರ್ಷಿಕೋತ್ಸವಕ್ಕೆ ಒಂದು ಪಟ್ಟಿ, ಯಾರದೋ ಹುಟ್ಟುಹಬ್ಬಕ್ಕೆ ಇನ್ನೊಂದು. ಮನೆಯಲ್ಲಿ ಕೇಳಲು ಬಾಯಿ ಬರದೆ ಇರುವವರು ಕಾಲೇಜಿನಲ್ಲಿ ಇಲ್ಲ ಎನ್ನಲೂ ಬಾಯಿ ಬರದೆ ಕೂರುತ್ತಾರೆ. ಹಣ ಕೊಡದವರ ಹೆಸರು ಎಲ್ಲರಿಗೂ ಕಾಣುವ ಹಾಗೆ ಒಂದು ಹಾಳೆಯಲ್ಲಿ ಉಳಿಯುವುದು ನನಗೆ ಈಗ ತುಂಬಾ ತಪ್ಪಾಗಿ ಕಾಣುತ್ತದೆ.

ಅಷ್ಟು ಮಾಡಿ ತಂದದ್ದೇನು? ಬಣ್ಣದ ಪ್ಲಾಸ್ಟಿಕ್ಕಿನ ಕಟ್ಟಡದ ಹಾಗಿರುವ, ಕೆಳಗೆ "ಪ್ರೀತಿಯ ಗುರುಗಳಿಗೆ" ಎಂದು ಸ್ಟಿಕ್ಕರ್ ಅಂಟಿಸಿದ ಕಾಣಿಕೆಗಳು. ಉಪನ್ಯಾಸಕರು ಕ್ಷಮಿಸಬೇಕು, ಸ್ಟಾಫ್ ರೂಮಿನ ಬೀರುವಿನ ಮೇಲೆ ಅವು ಒಂದರ ಮೇಲೊಂದು ಕೂತಿರುವುದನ್ನು ನಾನು ನೋಡಿದ್ದೇನೆ. ಯಾವ ವರ್ಷದ್ದು ಯಾವುದೆಂದು ತಿಳಿಯಲು ಧೂಳು ಒರೆಸಬೇಕು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಪ್ರತಿ ವರ್ಷ ಒಂದೇ ಥರದ್ದನ್ನು ಕೊಟ್ಟರೆ ಮನೆಗೆ ಎಷ್ಟು ಅಂತ ಒಯ್ಯುತ್ತಾರೆ?

ಈ ವರ್ಷ ಆ ಪಟ್ಟಿಯನ್ನೇ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ. ಅದರ ಬದಲಿಗೆ ಒಬ್ಬೊಬ್ಬ ಉಪನ್ಯಾಸಕರಿಗೆ ಒಂದೊಂದು ಸಾದಾ ಫೋಟೋ ಕಟ್ಟು ತಂದು, ಅದನ್ನು ನಾವೇ ಕೂತು ಅಲಂಕಾರ ಮಾಡಿ, ಒಳಗೆ ನಮ್ಮ ಕೈಬರಹವನ್ನಿಟ್ಟು ಕೊಡೋಣ. ನಮಗೆ ಬೀಳ್ಕೊಡುಗೆ ಕೊಡಲಿರುವ ಪ್ರಥಮ ಪಿಯುಸಿಯ ತಮ್ಮಂದಿರು, ತಂಗಿಯರೂ ನಮಗಾಗಿ ದುಡ್ಡು ಎತ್ತುವುದು ಬೇಡ.

ಇದನ್ನು ಓದಿ ನನ್ನ ತರಗತಿಯವರು ನಗುತ್ತಾರೆಂದು ಗೊತ್ತು. ಯಾಕೆಂದರೆ ಮದ್ದೂರಿನಲ್ಲಿ ನಮ್ಮ ಅಬ್ಬನದು ಗಾಜು ಮತ್ತು ಫೋಟೋ ಫ್ರೇಮಿನ ಅಂಗಡಿ. "ಇವಳ ಅಂಗಡಿ ವ್ಯಾಪಾರಕ್ಕೆ ಈ ಲೇಖನ" ಎಂದು ಹೇಳುವವರಿಗೆ ಮೊದಲೇ ಹೇಳುತ್ತೇನೆ: ಸಣ್ಣ ರೆಡಿಮೇಡ್ ಕಟ್ಟಿನಲ್ಲಿ ಅಬ್ಬನಿಗೆ ಉಳಿಯುವುದು ಒಂದು ಟೀ ದುಡ್ಡು. ನೀವು ಮಂಡ್ಯದಲ್ಲಾದರೂ ತನ್ನಿ, ಮಳವಳ್ಳಿಯಲ್ಲಾದರೂ ತನ್ನಿ. ಮನೆಯ ಅಟ್ಟದ ಮೇಲಿರುವ ಹಳೆಯ ಕಟ್ಟನ್ನು ಒರೆಸಿ ತಂದರೆ ಇನ್ನೂ ಒಳ್ಳೆಯದು.

ನಮ್ಮ ಕಡೆ ಹಳ್ಳಿಯವರು ಫ್ರೇಮ್ ಅನ್ನುವುದಿಲ್ಲ, ಕಟ್ಟು ಅನ್ನುತ್ತಾರೆ. "ಸಾಬ್ರೇ, ಇದುಕ್ಕೊಂದ್ ಕಟ್ ಹಾಕ್ಕೊಡಿ" ಎಂದು ಕೇಳುತ್ತಾ ಬರುತ್ತಾರೆ. ರಜೆಯಲ್ಲಿ ನಾನು ಅಂಗಡಿಯಲ್ಲಿ ಕೂತಾಗ ನೋಡಿದ ಹಾಗೆ ಕೆಲಸ ಇಷ್ಟೇ. ಉದ್ದನೆಯ ಬೀಡಿಂಗನ್ನು ಅಳತೆಗೆ ತಕ್ಕಂತೆ ನಾಲ್ಕು ತುಂಡು ಮಾಡಬೇಕು. ಪ್ರತಿ ತುದಿಯೂ ಸರಿಯಾಗಿ 45 ಡಿಗ್ರಿಗೆ ಕತ್ತರಿಸಿರಬೇಕು. ಒಂದು ಮೂಲೆ ಕೂದಲೆಳೆಯಷ್ಟು ತಪ್ಪಿದರೂ ನಾಲ್ಕನೆಯ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಗಾಜು, ಚಿತ್ರ, ಹಿಂದೆ ಹಾರ್ಡ್‌ಬೋರ್ಡ್, ಸಣ್ಣ ಮೊಳೆ, ಮೇಲೊಂದು ಕೊಕ್ಕೆ. ಮೊದಲು ಮರದ ಬೀಡಿಂಗ್ ಬರುತ್ತಿತ್ತಂತೆ, ಈಗ ಬಹುಪಾಲು ಸಿಂಥೆಟಿಕ್. ಒಂದೇ ಗೋಡೆಗೆ ಅಬ್ಬ ಮೆಕ್ಕಾದ ಚಿತ್ರವನ್ನೂ, ಆದಿಚುಂಚನಗಿರಿ ಸ್ವಾಮೀಜಿಯವರ ಫೋಟೋವನ್ನೂ, ಲಕ್ಷ್ಮಿಯನ್ನೂ, ಅಂಬೇಡ್ಕರರನ್ನೂ ಒರಗಿಸಿಟ್ಟಿರುತ್ತಾರೆ. ಒಣಗಬೇಕಾದ ಗೋಂದಿಗೆ ಅದೇನೂ ತಿಳಿಯುವುದಿಲ್ಲ.

ಒಂದು ದಿನ ವಯಸ್ಸಾದ ರೈತರೊಬ್ಬರು ಬಂದರು. ಹೆಂಡತಿ ತೀರಿಕೊಂಡು ಹತ್ತು ದಿನವಾಗಿತ್ತು. ಆಕೆಯ ಫೋಟೋ ಎಂದು ಇದ್ದದ್ದು ಗುರುತಿನ ಚೀಟಿಯದ್ದೊಂದೇ. ಅದನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದಿದ್ದರು. ಮುಖ ಮಂಜಿನೊಳಗಿಂದ ನೋಡಿದ ಹಾಗಿತ್ತು. ಅಬ್ಬ ಚಿನ್ನದ ಬಣ್ಣದ ದುಬಾರಿ ಬೀಡಿಂಗ್ ತೋರಿಸಲಿಲ್ಲ. ತೆಳುವಾದ ಕಂದು ಬೀಡಿಂಗ್ ತೆಗೆದು, "ಇದೇ ಸಾಕು ಗೌಡ್ರೇ, ಅಮ್ಮನ ಮುಖ ಎದ್ದು ಕಾಣ್ತದೆ" ಅಂದರು. ವ್ಯಾಪಾರಿಯಾಗಿ ಅದು ಜಾಣತನವೋ ಅಲ್ಲವೋ ನನಗೆ ತಿಳಿಯದು. ಆದರೆ ಕಟ್ಟಿನ ಬೆಲೆ ಹೆಚ್ಚಾದಷ್ಟೂ ಒಳಗಿರುವುದು ಚಿಕ್ಕದಾಗುತ್ತದೆ ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ.

ಅಲಂಕಾರ ಮಾಡಿದ ಕಟ್ಟು ಎಂಬುದು ಯೂಟ್ಯೂಬಿನಿಂದ ಬಂದ ಹೊಸ ಹವ್ಯಾಸವೇನಲ್ಲ. ಮೈಸೂರಿನ ಜಗನ್ಮೋಹನ ಅರಮನೆಗೆ ಪ್ರವಾಸ ಹೋದವರು ಅಲ್ಲಿ ರಾಜಾ ರವಿವರ್ಮರ ತೈಲಚಿತ್ರಗಳನ್ನು ನೋಡಿರುತ್ತೀರಿ. ಅವರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅಂಥ ಚಿತ್ರಗಳ ಅಗ್ಗದ ಪ್ರತಿಗಳು ಸಾಮಾನ್ಯರ ಮನೆಗೂ ಬಂದವು. ಕೊಂಡು ತಂದ ಹೆಂಗಸರು ಅವನ್ನು ಹಾಗೇ ನೇತು ಹಾಕಲಿಲ್ಲ. ಚಿತ್ರದ ಸೀರೆಯ ಮೇಲೆ ನಿಜವಾದ ಬಟ್ಟೆಯ ಚೂರು, ಜರಿ, ಚಮಕಿ, ಮಣಿ ಅಂಟಿಸಿ, ಹೊಲಿದು, ಆಮೇಲೆ ಗಾಜು ಹಾಕಿಸಿದರು. ಸಾವಿರಾರು ಪ್ರತಿಗಳಲ್ಲಿ ಒಂದು ತಮ್ಮದೇ ಆಯಿತು. ಹಾಗೆ ಸಿಂಗರಿಸಿದ ಚಿತ್ರಗಳನ್ನು ಈಗ ಸಂಗ್ರಾಹಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಅಷ್ಟು ದೂರ ಯಾಕೆ? ನಿಮ್ಮ ಅಜ್ಜಿಯ ಮನೆಯ ಬಾಗಿಲ ಮೇಲೆ ನೋಡಿ. ಎರಡು ಗಿಳಿ, ನಡುವೆ ಹೂವಿನ ಕುಂಡ, ಕೆಳಗೆ ಬಣ್ಣದ ಮಣಿಯಲ್ಲಿ ಅಥವಾ ಉಲ್ಲನ್ನಿನಲ್ಲಿ ಮೂಡಿದ "ಸುಸ್ವಾಗತ". ಗಾಜಿನ ಕಟ್ಟಿನೊಳಗೆ ಅದನ್ನು ಭದ್ರವಾಗಿ ಇಟ್ಟಿರುತ್ತಾರೆ. ನಮ್ಮ ನಾನಿಯ ಮನೆಯಲ್ಲಿರುವುದರಲ್ಲಿ ಇಂಗ್ಲಿಷಿನ "ವೆಲ್ಕಮ್" ಎಂಬುದಕ್ಕೆ ಒಂದು ಅಕ್ಷರ ಹೆಚ್ಚಾಗಿದೆ. ನಾನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಪಕ್ಕದ ಮನೆಯವರದ್ದನ್ನು ನೋಡಿ ಹಾಕಿದ್ದು. ಆ ಪಕ್ಕದ ಮನೆಯವರೂ ತಪ್ಪಾಗಿಯೇ ಹಾಕಿದ್ದರಂತೆ. ಮನೆಗೆ ಮೂರು ಸಲ ಸುಣ್ಣ ಬಣ್ಣ ಆಗಿದೆ. ಪ್ರತಿ ಸಲವೂ ಅದನ್ನು ಇಳಿಸಿ, ಒರೆಸಿ, ಅದೇ ಮೊಳೆಗೆ ಮತ್ತೆ ಹಾಕಿದ್ದಾರೆ.

ಈಗ ನಮ್ಮ ಊರಿನ ವಸ್ತುವಿಗೆ ಬರುತ್ತೇನೆ. ಇದನ್ನು ನನಗೆ ಕಲಿಸಿದವಳು ಮಳವಳ್ಳಿ ಕಡೆಯ ಗೆಳತಿ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಗೂಡು ಕಟ್ಟಿದ ಕೆಲವೇ ದಿನಗಳಲ್ಲಿ ಚಂದ್ರಿಕೆಯಿಂದ ಬಿಡಿಸಿ ಮಾರುಕಟ್ಟೆಗೆ ಹಾಕಬೇಕು. ತಡವಾದರೆ ಒಳಗಿನ ಕೋಶ ಚಿಟ್ಟೆಯಾಗಿ, ಗೂಡಿನ ತುದಿಯನ್ನು ನೆನೆಸಿ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಒಂದು ಒಳ್ಳೆಯ ಗೂಡಿನಲ್ಲಿ ತಳಿಗೆ ತಕ್ಕಂತೆ 600 ಮೀಟರಿನಿಂದ 1,000 ಮೀಟರಿಗೂ ಮೀರಿ ಒಂದೇ ಎಳೆ ಇರುತ್ತದೆ. ತೂತು ಬಿದ್ದರೆ ಆ ಎಳೆ ತುಂಡು ತುಂಡು. ನೂಲು ಬಿಚ್ಚುವವರು ಅಂಥದ್ದನ್ನು ಮುಟ್ಟುವುದಿಲ್ಲ. ಎರಡು ಹುಳು ಸೇರಿ ಕಟ್ಟಿದ ಜೋಡು ಗೂಡಿನದ್ದೂ ಇದೇ ಕಥೆ, ಎಳೆ ಸಿಕ್ಕಾಗಿರುತ್ತದೆ. ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಂತೂ ಚಿಟ್ಟೆ ಹೊರಬರಲೇಬೇಕಾದ್ದರಿಂದ ತೂತು ಗೂಡು ರಾಶಿ ಬೀಳುತ್ತದೆ.

ಈ ತೂತು ಗೂಡಿನಿಂದ ಹೂವು ಮಾಡಬಹುದು. ತೂತಿನ ಕಡೆಯಿಂದ ಚೂಪು ಕತ್ತರಿಯಲ್ಲಿ ಐದು ಸೀಳು ಮಾಡಿ ಬಗ್ಗಿಸಿದರೆ ಐದು ದಳದ ಹೂವಾಗುತ್ತದೆ. ಒಳಗೆ ಉಳಿದಿರುವ ಒಣಗಿದ ಸಿಪ್ಪೆಯನ್ನು ಪೂರ್ತಿ ತೆಗೆಯಬೇಕು. ಇಲ್ಲದಿದ್ದರೆ ವಾಸನೆ ಬರುತ್ತದೆ, ಹುಳ ಹಿಡಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ನೆನೆಸಿದರೆ ಗೂಡು ಮೆತ್ತಗಾಗಿ ಹೇಳಿದ ಹಾಗೆ ಕೇಳುತ್ತದೆ. ಪದರ ಪದರವಾಗಿ ಬಿಡಿಸಿದರೆ ಒಳಗಿನ ಪದರ ಹಾಳೆಗಿಂತ ತೆಳುವಾಗಿ ಮಲ್ಲಿಗೆಯ ಎಸಳಿನಂತೆ ಬರುತ್ತದೆ. ಬಿಳಿಯ ದ್ವಿತಳಿ ಗೂಡಿಗೆ ಬಣ್ಣವೇ ಬೇಕಿಲ್ಲ, ಮಿಶ್ರತಳಿ ಗೂಡಿಗೆ ತನ್ನದೇ ಹಳದಿಯಿದೆ. ಅಡುಗೆಮನೆಯ ಅರಿಶಿನದ ನೀರಿನಲ್ಲಿ ಅದ್ದಿದರೆ ಇನ್ನೂ ಗಾಢ ಹಳದಿ ಹಿಡಿಯುತ್ತದೆ. ಅವಳು ಸಾದಾ ಕಪ್ಪು ಕಟ್ಟಿನ ಒಂದು ಮೂಲೆಗೆ ಮಾತ್ರ ಇಂಥ ಮೂರು ಹೂವು ಅಂಟಿಸಿದ್ದಳು. ಉಳಿದ ಮೂರು ಮೂಲೆ ಖಾಲಿ. ನಾನಾಗಿದ್ದರೆ ನಾಲ್ಕಕ್ಕೂ ತುಂಬುತ್ತಿದ್ದೆ, ಕೆಡಿಸುತ್ತಿದ್ದೆ.

ನನಗೆ ಈ ಹೂವು ಇಷ್ಟವಾಗಲು ಇನ್ನೊಂದು ಕಾರಣವಿದೆ. ಅವಳ ಅಪ್ಪ ಗೂಡು ಬೆಳೆದು ರಾಮನಗರದ ಮಾರುಕಟ್ಟೆಗೆ ಹಾಕುತ್ತಾರೆ. ನನ್ನ ಖಾಲೂ ಅದೇ ರಾಮನಗರದಲ್ಲಿ ಗೂಡು ಕೊಂಡು ನೂಲು ಬಿಚ್ಚಿಸುತ್ತಾರೆ. ಏಷ್ಯಾದಲ್ಲೇ ದೊಡ್ಡದೆನ್ನುವ ಆ ಮಾರುಕಟ್ಟೆಯಲ್ಲಿ ಅವರಿಬ್ಬರೂ ಎದುರುಬದುರಾಗಿ ಚೌಕಾಸಿ ಮಾಡಿದ್ದರೂ ಮಾಡಿರಬಹುದು. ಅಲ್ಲಿ ಇಬ್ಬರಿಗೂ ಬೇಡವಾದ ಗೂಡು ನಮ್ಮಿಬ್ಬರ ಬೆಂಚಿನ ಮೇಲಿತ್ತು.

ಗೂಡು ಸಿಗದವರಿಗೆ ಬೇರೆ ಬೇಕಾದಷ್ಟಿದೆ. ಒಡೆದ ಗಾಜಿನ ಬಳೆ, ಹಳೆಯ ಸೀರೆಯ ಅಂಚು, ದುಪಟ್ಟಾದ ಲೇಸು, ಟೈಲರ್ ಅಂಗಡಿಯ ಚಿಂದಿ, ಭತ್ತದ ತೆನೆ, ಗುಂಡಿಗಳು. ಮದುವೆ ಕಾರ್ಡುಗಳ ಚಿನ್ನದ ಅಂಚು ತುಂಬಾ ಚೆನ್ನಾಗಿ ಕೂರುತ್ತದೆ. ಆದರೆ ಆ ಕಾರ್ಡುಗಳಲ್ಲಿ ಗಣಪತಿಯ ಚಿತ್ರವೋ ಬಿಸ್ಮಿಲ್ಲಾ ಬರಹವೋ ಇದ್ದರೆ ಅದನ್ನು ಮೊದಲು ಬಿಡಿಸಿ ಬೇರೆ ಇಡಿ, ಚೂರುಗಳ ಜೊತೆ ಕಸಕ್ಕೆ ಹೋಗಬಾರದು. ಮದ್ದೂರಿನಿಂದ ಬೆಂಗಳೂರು ದಾರಿಯಲ್ಲಿ ಸ್ವಲ್ಪ ಹೋದರೆ ಚನ್ನಪಟ್ಟಣ. ಅಲ್ಲಿ ಹಾಲೆ ಮರವನ್ನು ಚರಕಿಗೆ ಕೊಟ್ಟು, ತಿರುಗುವಾಗಲೇ ಬಣ್ಣದ ಅರಗು ಒತ್ತಿ ಗೊಂಬೆ ಮಾಡುತ್ತಾರೆ. ಸ್ವಲ್ಪ ಊನವಾದ ಮಣಿ, ಬಳೆ ಕೇಳಿದರೆ ಅಗ್ಗಕ್ಕೆ ಕೊಡುವವರಿದ್ದಾರೆ. "ಇದೆಲ್ಲ ಹುಡುಗಿಯರ ಕೆಲಸ" ಎಂದು ಹಿಂದಿನ ಬೆಂಚಿನಿಂದ ಕೂಗುವವರು ಒಮ್ಮೆ ಅಲ್ಲಿಗೆ ಹೋಗಿ, ಚರಕಿಯ ಮುಂದೆ ಕೂತಿರುವ ಗಂಡಸರನ್ನು ನೋಡಿಕೊಂಡು ಬರಲಿ.

ನನ್ನ ಭಯ ಒಂದೇ. ಕೈಯಿಂದ ಮಾಡಿದ್ದು ಎಂಬುದೂ ಒಂದು ಪಂದ್ಯವಾಗಿಬಿಡುತ್ತದೆ. ಈ ಸಲದ ಶಿಕ್ಷಕರ ದಿನಕ್ಕೆ ನಾನೇ ಒಂದು ಕಟ್ಟು ಮಾಡಲು ಹೋಗಿ ಗ್ಲಿಟರ್ ಹಾಳೆ, ಅಂಟಿಸುವ ಮುತ್ತು, ಗ್ಲೂ ಗನ್, ಅದರ ಕಡ್ಡಿ ಎಂದು ಅಂಗಡಿಯಲ್ಲಿ 340 ರೂಪಾಯಿ ಬಿಲ್ ಮಾಡಿಸಿಕೊಂಡೆ. ಅಮ್ಮಿ ಬಿಲ್ ನೋಡಿ, "ಇದಕ್ಕಿಂತ ರೆಡಿ ಸಾಮಾನು ತಂದಿದ್ದರೆ ಬಸ್ ಚಾರ್ಜಾದರೂ ಉಳಿಯುತ್ತಿತ್ತು" ಅಂದರು. ನಾನು ಬೇಡ ಅನ್ನುತ್ತಿರುವ ಪಟ್ಟಿಯೇ ಹಾಗೆ ಬೇರೆ ವೇಷದಲ್ಲಿ ವಾಪಸ್ಸು ಬಂದಿತ್ತು. ಅದಕ್ಕೇ ಒಂದು ಕಟ್ಟುನಿಟ್ಟು ಬೇಕು: ಕಟ್ಟು ಮತ್ತು ಫೆವಿಕಾಲ್ ಬಿಟ್ಟು ಬೇರೇನನ್ನೂ ಕೊಳ್ಳಬಾರದು. ಅಷ್ಟನ್ನು ತರಗತಿಯಲ್ಲಿ ಹೆಸರಿಲ್ಲದ ಒಂದು ಡಬ್ಬ ಇಟ್ಟು, ಹಾಕುವವರು ಹಾಕಲಿ, ಹಾಕದವರು ಬಿಡಲಿ. ಡಬ್ಬದ ಪಕ್ಕದಲ್ಲಿ ಯಾರೂ ನಿಲ್ಲಬಾರದು, ಮುಖ್ಯವಾಗಿ ನಾನು.

ಒಳಗೆ ಏನಿಡಬೇಕು? ಎಲ್ಲರೂ ಮೊದಲು ಹೇಳುವುದು ಗ್ರೂಪ್ ಫೋಟೋ. ನಾನು ಬೇಡ ಅನ್ನುತ್ತೇನೆ. ನಮ್ಮ ಕೆಲವು ಮನೆಗಳಲ್ಲಿ ಜೀವಿಗಳ ಚಿತ್ರವನ್ನು ಗೋಡೆಗೆ ಹಾಕುವುದಿಲ್ಲ. ತಮ್ಮ ಫೋಟೋ ಬೇರೆಯವರ ಮನೆಯ ಗೋಡೆಯಲ್ಲೋ ಮೊಬೈಲಿನಲ್ಲೋ ಇರುವುದು ಬೇಡ ಎನ್ನುವ ಹುಡುಗಿಯರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಗ್ರೂಪ್ ಫೋಟೋ ತೆಗೆಯುವಾಗ ಅವರು ಹಿಂದೆ ಸರಿದು ನಿಲ್ಲುವುದನ್ನು ನೀವು ನೋಡಿಲ್ಲವೇ? ದುಡ್ಡಿಗಾಗಿ ಒಬ್ಬಳು ಹೊರಗುಳಿದದ್ದು ಸಾಲದೆಂದು ಫೋಟೋಗಾಗಿ ನಾಲ್ವರು ಹೊರಗುಳಿಯುವುದು ಬೇಡ. ನೆಚ್ಚಿನ ಆಯತ್ ಬರೆದುಕೊಡೋಣ ಎಂದವರೂ ಇದ್ದಾರೆ. ಅದನ್ನು ಮನೆಗೆ ಮಾಡಿಕೊಳ್ಳಿ. ಪಡೆಯುವವರು ಎಲ್ಲಿ ಹಾಕಬೇಕು, ಹೇಗೆ ನೋಡಿಕೊಳ್ಳಬೇಕು ಎಂದು ಯೋಚಿಸುವಂತಾಗಬಾರದು.

ಕೈಬರಹ ಎಲ್ಲರಿಗೂ ಇದೆ. ಒಂದು ಹಾಳೆಯಲ್ಲಿ ಪ್ರತಿಯೊಬ್ಬರೂ ಒಂದು ಸಾಲು. "ನಮಗೆ ಒಳ್ಳೆಯ ದಾರಿ ತೋರಿಸಿದ" ಎಂಬಂಥ ಸಾಲು ಬೇಡ, ಅದು ಎಲ್ಲ ಸ್ಟಿಕ್ಕರಿನಲ್ಲೂ ಇರುತ್ತದೆ. ನಡೆದದ್ದನ್ನು ಬರೆಯಿರಿ. ನಮ್ಮ ಲೆಕ್ಕಶಾಸ್ತ್ರದ ಸರ್ ಆಸ್ತಿ ಮತ್ತು ಹೊಣೆ ತಾಳೆಯಾಗದಿದ್ದಾಗ ಚಾಕ್‌ಪೀಸನ್ನು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದದ್ದು, ಕನ್ನಡ ಮೇಡಂ ಹಳಗನ್ನಡ ಪದ್ಯ ಓದುವಾಗ ಕಿಟಕಿಯಾಚೆ ಕಬ್ಬಿನ ಲಾರಿ ಹಾರ್ನ್ ಹೊಡೆದರೆ ಅದು ಮುಗಿಯುವವರೆಗೆ ಕಾದು ಅದೇ ಪದದಿಂದ ಮತ್ತೆ ಶುರು ಮಾಡುತ್ತಿದ್ದದ್ದು, ಇಂಥವು. ಅಕ್ಷರ ಚೆನ್ನಾಗಿಲ್ಲ ಎಂದು ಯಾರೂ ಇನ್ನೊಬ್ಬರ ಕೈಯಲ್ಲಿ ಬರೆಸಬೇಡಿ. ಎರಡು ವರ್ಷ ಉತ್ತರ ಪತ್ರಿಕೆ ತಿದ್ದಿದ ನಮ್ಮ ಉಪನ್ಯಾಸಕರು ಹೆಸರಿಲ್ಲದೆಯೂ ನಿಮ್ಮ ಅಕ್ಷರ ಗುರುತಿಸುತ್ತಾರೆ.

ಪರೀಕ್ಷೆ ಹತ್ತಿರ ಇರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಮಾತಿಗೆ ನಾನು ಒಪ್ಪುತ್ತೇನೆ, ಅರ್ಧ ಮಾತ್ರ. ಹೋದ ವರ್ಷ ಕಾಣಿಕೆ ಆರಿಸಲು ನಾವು ಐದು ಜನ ಎರಡು ಮಧ್ಯಾಹ್ನ ಮಂಡ್ಯದ ಅಂಗಡಿಗಳನ್ನು ಸುತ್ತಿದ್ದೆವು. ಇದಕ್ಕೆ ಒಂದು ಶನಿವಾರ ಮಧ್ಯಾಹ್ನ ಸಾಕು.

ಅಂಗಡಿಯವರ ಮಗಳಾಗಿ ಕೆಲವು ಮಾತು ಹೇಳಿಬಿಡುತ್ತೇನೆ. ಸಿಂಥೆಟಿಕ್ ಕಟ್ಟಿನ ನುಣುಪಿನ ಮೇಲೆ ಫೆವಿಕಾಲ್ ನಿಲ್ಲುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯ ಹಾಗೆ ಏಳುತ್ತದೆ. ಮೊದಲು ಉಪ್ಪುಕಾಗದದಿಂದ ಉಜ್ಜಿ, ಇಲ್ಲವೇ ತೆಳು ಬಟ್ಟೆ ಸುತ್ತಿ ಅದರ ಮೇಲೆ ಅಂಟಿಸಿ. ರಾತ್ರಿಯಿಡೀ ಮಲಗಿಸಿಯೇ ಒಣಗಿಸಿ, ನಿಲ್ಲಿಸಿದರೆ ಹೂವು ಜಾರುತ್ತದೆ. ಬರೆದ ಹಾಳೆ ಗಾಜಿಗೆ ನೇರವಾಗಿ ತಾಗಬಾರದು. ಮಳೆಗಾಲದ ತೇವಕ್ಕೆ ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ. ಸುತ್ತಲೂ ಒಂದು ರಟ್ಟಿನ ಪಟ್ಟಿ ಕೊಟ್ಟು ಅಂತರ ಬಿಡಿ. ಬಣ್ಣದ ಸ್ಕೆಚ್ ಪೆನ್ನಿನ ಬರಹ ಬಿಸಿಲು ಬೀಳುವ ಗೋಡೆಯಲ್ಲಿ ಬೇಗ ಮಾಸುತ್ತದೆ. ಪೆನ್ಸಿಲ್ ಮಾಸುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಆದರೆ ಅದೇ ನಿಜ. ಕಟ್ಟಿನ ಹಿಂದೆ ವರ್ಷ ಬರೆಯಿರಿ.

ನನ್ನ ಗೆಳತಿಗೆ, ಅಂದರೆ ಹೋದ ವರ್ಷ ಜ್ವರ ಬಂದಿತ್ತು ಎಂದವಳಿಗೆ, ಈ ಲೇಖನವನ್ನು ಕೊಡುವ ಮೊದಲೇ ಓದಿ ತೋರಿಸಿದೆ. ಹೆಸರು ಹಾಕಿಲ್ಲ, ಆದರೂ ಕೇಳಬೇಕು ಅನ್ನಿಸಿತು. ಪೂರ್ತಿ ಕೇಳಿದಳು. ಆಮೇಲೆ, "ಗೂಡಿನ ಹೂವು ಐದು ಸೀಳಲ್ಲ ಕಣೆ, ಆರು ಮಾಡು, ಚೆನ್ನಾಗಿ ಅರಳ್ತದೆ" ಅಂದಳು. ಹೂವು ಕಲಿಸಿದವಳೂ ಅವಳೇ ಎಂದು ನಾನು ಮೇಲೆ ಹೇಳಿರಲಿಲ್ಲ.

ಈ ವರ್ಷದ ಪಟ್ಟಿ ಇನ್ನೂ ಶುರುವಾಗಿಲ್ಲ. ಗ್ರಂಥಾಲಯದ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಡಲು ಗ್ರಂಥಪಾಲಕರ ಒಪ್ಪಿಗೆ ಸಿಕ್ಕಿದೆ. ಮನೆಯಲ್ಲಿ ಸಿಕ್ಕಿದ್ದನ್ನು ಅದರಲ್ಲಿ ತಂದು ಹಾಕಿ. ಬಳೆ ಚೂರು ತರುವವರು ಕಾಗದದಲ್ಲಿ ಸುತ್ತಿ ತನ್ನಿ, ಕೈ ಹಾಕಿದವರಿಗೆ ಚುಚ್ಚುತ್ತದೆ.